ಬೇಲಿಯ ಅಳತೆಯೂ ಪಾಲಿನ ನ್ಯಾಯವೂ: ಸುತ್ತಳತೆಯ ಲೆಕ್ಕದ ಹಿಂದಿರುವ ಇತಿಹಾಸ

ನಮ್ಮ ಮಕ್ಕಳು ಏಳನೆಯ, ಎಂಟನೆಯ ತರಗತಿಗೆ ಬರುವ ಹೊತ್ತಿಗೆ ಅವರ ಗಣಿತ ಪುಸ್ತಕದಲ್ಲಿ ಒಂದು ಬಗೆಯ ಲೆಕ್ಕ ಕಾಣಿಸಿಕೊಳ್ಳುತ್ತದೆ. ಒಂದು ಆಯತಾಕಾರದ ತೋಟವಿದೆ. ಅದರ ಉದ್ದವು ಅಗಲದ ಎರಡು ಪಟ್ಟಿಗಿಂತ 4 ಮೀಟರ್ ಕಡಿಮೆ. ತೋಟದ ಸುತ್ತಳತೆ 52 ಮೀಟರ್. ಹಾಗಾದರೆ ಉದ್ದವೆಷ್ಟು, ಅಗಲವೆಷ್ಟು? ಕೂಡುವುದನ್ನೂ ಕಳೆಯುವುದನ್ನೂ ಚೆನ್ನಾಗಿ ಬಲ್ಲ ಮಗುವೂ ಇಲ್ಲಿ ತಡೆದು ನಿಲ್ಲುತ್ತದೆ. ತೋಟದಲ್ಲಿಯೇ ನಿಂತವನಿಗೆ ಅದರ ಉದ್ದಗಲ ತಿಳಿಯದೆ ಇರುವುದೆಂತು, ಹಗ್ಗ ಹಿಡಿದು ಅಳೆದರೆ ಸಾಲದೇ, ಈ ಸುತ್ತುಬಳಸಿನ ಮಾತೇಕೆ ಎಂದು ಅದು ಕೇಳುತ್ತದೆ. ಹೆತ್ತವರಾದ ನಾವು ಬಹುಪಾಲು ಉತ್ತರಿಸಲಾರದೆ, ಪರೀಕ್ಷೆಗೆ ಬರುತ್ತದೆ ಕಲಿತುಕೋ ಎಂದು ಹೇಳಿ ಮುಗಿಸಿಬಿಡುತ್ತೇವೆ.

ಆದರೆ ಮಗುವಿನ ಪ್ರಶ್ನೆ ಅಷ್ಟು ಸುಲಭವಾಗಿ ತಳ್ಳಿಹಾಕುವಂಥದಲ್ಲ. ಈ ಲೆಕ್ಕಕ್ಕೆ ಒಂದು ಇತಿಹಾಸವಿದೆ. ಆ ಇತಿಹಾಸವು ಬಗ್ದಾದ್ ನಗರದೊಡನೆ, ನಮ್ಮ ಮೀರಾಸಿನ ನಿಯಮಗಳೊಡನೆ, ನಮ್ಮದೇ ಕನ್ನಡ ನಾಡಿನೊಡನೆ ಸಂಬಂಧವುಳ್ಳದ್ದು. ಅದನ್ನು ಅರಿತರೆ, ಅಜ್ಞಾತವಾದುದನ್ನು ಲೆಕ್ಕದಿಂದ ಕಂಡುಹಿಡಿಯುವ ಈ ವಿದ್ಯೆಯನ್ನು ಹಿಂದಿನವರು ಯಾತಕ್ಕಾಗಿ ಬೆಳೆಸಿದರೆಂಬುದೂ ತಿಳಿಯುತ್ತದೆ.

ಜನರ ಅಗತ್ಯಕ್ಕಾಗಿ ಬರೆದ ಗ್ರಂಥ

ಕ್ರಿಸ್ತಶಕ 813ರಿಂದ 833ರ ತನಕ ಅಬ್ಬಾಸಿ ಖಲೀಫಾ ಅಲ್ ಮಅಮೂನ್ ಆಳಿದ ಕಾಲದಲ್ಲಿ ಬಗ್ದಾದ್ ವಿದ್ವಾಂಸರ ನಗರವಾಗಿತ್ತು. ಅಲ್ಲಿನ ಬೈತುಲ್ ಹಿಕ್ಮದಲ್ಲಿ ಗ್ರೀಕ್, ಪಾರಸಿ ಮತ್ತು ಭಾರತೀಯ ವಿದ್ಯೆಗಳ ಅಧ್ಯಯನ ನಡೆಯುತ್ತಿತ್ತು. ಅಲ್ಲಿ ಕೆಲಸ ಮಾಡಿದವರಲ್ಲಿ ಮುಹಮ್ಮದ್ ಬಿನ್ ಮೂಸಾ ಅಲ್ ಖವಾರಿಝ್ಮಿ ಒಬ್ಬರು. ಅವರು ಬರೆದ ಒಂದು ಗ್ರಂಥದ ಹೆಸರಿನಲ್ಲಿರುವ 'ಅಲ್ ಜಬ್ರ್' ಎಂಬ ಪದದಿಂದಲೇ ಇಂದು ಜಗತ್ತು ಬೀಜಗಣಿತವನ್ನು 'ಆಲ್ಜಿಬ್ರಾ' ಎಂದು ಕರೆಯುತ್ತಿದೆ. ಅವರ ಹೆಸರೇ ಲ್ಯಾಟಿನ್ ಬಾಯಲ್ಲಿ ರೂಪಾಂತರಗೊಂಡು 'ಆಲ್ಗಾರಿದಮ್' ಎಂಬ ಪದವಾಯಿತು.

ಈ ಗ್ರಂಥದ ಪೀಠಿಕೆಯಲ್ಲಿ ಅಲ್ ಖವಾರಿಝ್ಮಿಯವರು ತಮ್ಮ ಉದ್ದೇಶವನ್ನು ಸ್ಪಷ್ಟಪಡಿಸಿದ್ದಾರೆ. ಖಲೀಫರ ಪ್ರೋತ್ಸಾಹದಿಂದ ತಾವು ಈ ಕಿರುಗ್ರಂಥವನ್ನು ರಚಿಸಿರುವುದಾಗಿಯೂ, ಗಣಿತದಲ್ಲಿ ಅತ್ಯಂತ ಸುಲಭವೂ ಉಪಯುಕ್ತವೂ ಆದುದನ್ನಷ್ಟೇ ಇದರಲ್ಲಿ ಸೇರಿಸಿರುವುದಾಗಿಯೂ ಅವರು ಹೇಳುತ್ತಾರೆ. ಆಸ್ತಿಯ ಪಾಲು, ವಸಿಯ್ಯತ್, ವ್ಯಾಜ್ಯ, ವ್ಯಾಪಾರ, ಭೂಮಿಯ ಅಳತೆ, ಕಾಲುವೆಯ ತೋಡಿಕೆ ಮುಂತಾದವುಗಳಲ್ಲಿ ಜನರಿಗೆ ನಿತ್ಯವೂ ಬೇಕಾಗುವ ಲೆಕ್ಕಗಳೇ ಅವರ ಗುರಿ. ಗ್ರಂಥದ ಸುಮಾರು ಅರ್ಧ ಭಾಗವು ವಸಿಯ್ಯತ್ ಮತ್ತು ಆಸ್ತಿ ಹಂಚಿಕೆಯ ಲೆಕ್ಕಗಳಿಗೇ ಮೀಸಲಾಗಿದೆ. ಭೂಮಿಯ ಅಳತೆಗೆ ಪ್ರತ್ಯೇಕ ಅಧ್ಯಾಯವಿದೆ. ಅಂದರೆ ನಮ್ಮ ಮಕ್ಕಳು ಬಿಡಿಸುವ ತೋಟದ ಲೆಕ್ಕವು ಈ ವಿದ್ಯೆಯ ಮೊದಲ ಮನೆಯಲ್ಲಿಯೇ ಇದ್ದ ಲೆಕ್ಕ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅಲ್ ಖವಾರಿಝ್ಮಿಯವರ ಗ್ರಂಥದಲ್ಲಿ ಇಂದಿನ ಪಠ್ಯಪುಸ್ತಕಗಳ ಅಕ್ಷರಗಳಿಲ್ಲ, ಸಮಚಿಹ್ನೆಯಿಲ್ಲ. ಸಂಖ್ಯೆಗಳನ್ನೂ ಅವರು ಮಾತಿನಲ್ಲಿಯೇ ಬರೆದಿದ್ದಾರೆ. ತಿಳಿಯದ ಮೊತ್ತವನ್ನು ಅವರು 'ಶೈಅ್' ಎಂದರು. 'ಒಂದು ವಸ್ತು' ಎಂಬುದೇ ಇದರ ಅರ್ಥ. ಮುಂದೆ ಇಟಲಿಯ ಲೆಕ್ಕಿಗರು ಇದೇ ಪದವನ್ನು ತಮ್ಮ ನುಡಿಗೆ ಮಾರ್ಪಡಿಸಿಕೊಂಡು 'ಕೋಸಾ' ಎಂದರು. ಆದ್ದರಿಂದ ವಾಕ್ಯರೂಪದ ಲೆಕ್ಕವೆಂಬುದು ಬೀಜಗಣಿತಕ್ಕೆ ಆಮೇಲೆ ಅಂಟಿಸಿದ ಅಲಂಕಾರವಲ್ಲ. ಅವರ ಕೈಯಲ್ಲಿ ಬೀಜಗಣಿತವೇ ವಾಕ್ಯಗಳ ರೂಪದಲ್ಲಿತ್ತು.

ತುಂಬುವುದು ಮತ್ತು ಎದುರಿಡುವುದು

ಈಗ ನಮ್ಮ ತೋಟಕ್ಕೆ ಮರಳೋಣ. ಸುತ್ತಳತೆ ಎಂದರೆ ಎರಡು ಉದ್ದ ಮತ್ತು ಎರಡು ಅಗಲಗಳ ಮೊತ್ತ. ಅದು 52 ಆದರೆ ಒಂದು ಉದ್ದ ಮತ್ತು ಒಂದು ಅಗಲ ಸೇರಿ ಅದರ ಅರ್ಧ, ಅಂದರೆ 26. ಅಗಲ ನಮಗೆ ತಿಳಿಯದು, ಅದನ್ನು 'ವಸ್ತು' ಎನ್ನೋಣ. ಉದ್ದವು ಎರಡು ವಸ್ತುಗಳಿಗಿಂತ 4 ಕಡಿಮೆ. ಎರಡನ್ನೂ ಕೂಡಿದರೆ ಮೂರು ವಸ್ತುಗಳಿಗೆ 4 ಕಡಿಮೆಯಾದ ಮೊತ್ತವು 26ಕ್ಕೆ ಸಮವಾಗುತ್ತದೆ.

ಇಲ್ಲಿ ಒಂದು ಕಡೆ ಕೊರತೆಯಿದೆ. ಆ ಕೊರತೆಯನ್ನು ತುಂಬಿಕೊಡುವುದೇ 'ಜಬ್ರ್'. ಅರಬಿಯಲ್ಲಿ ಮುರಿದ ಮೂಳೆಯನ್ನು ಮತ್ತೆ ಕೂಡಿಸುವುದಕ್ಕೂ ಇದೇ ಪದವಿದೆ. ಸ್ಪೇನಿನಲ್ಲಿ ಬಹುಕಾಲ ಮೂಳೆ ಕಟ್ಟುವವನನ್ನು 'ಅಲ್ಜಬ್ರಿಸ್ತಾ' ಎಂದೇ ಕರೆಯುತ್ತಿದ್ದರು. ಕಡಿಮೆಯಾದ 4ನ್ನು ಈ ಕಡೆಗೆ ತುಂಬಿದರೆ, ಸಮತೆ ಕೆಡದಿರಲು ಆ ಕಡೆಗೂ 4ನ್ನು ಸೇರಿಸಲೇಬೇಕು. ಆಗ ಮೂರು ವಸ್ತುಗಳು 30ಕ್ಕೆ ಸಮ, ಒಂದು ವಸ್ತು 10. ಅಗಲ 10 ಮೀಟರ್, ಉದ್ದ 16 ಮೀಟರ್. ಎರಡನ್ನೂ ಕೂಡಿ ಇಮ್ಮಡಿಸಿದರೆ 52 ದೊರೆಯುತ್ತದೆ.

ಇನ್ನೊಂದು ಕ್ರಿಯೆ 'ಮುಕಾಬಲ', ಅಂದರೆ ಎದುರುಬದುರಾಗಿ ನಿಲ್ಲಿಸುವುದು. ಒಂದು ತೋಟದ ಉದ್ದವು ಅಗಲಕ್ಕಿಂತ 6 ಮೀಟರ್ ಹೆಚ್ಚು, ಅದರ ಸುತ್ತಳತೆಯು ಅಗಲದ ಐದು ಪಟ್ಟು ಎಂದುಕೊಳ್ಳೋಣ. ಅಗಲವು ವಸ್ತುವಾದರೆ ಸುತ್ತಳತೆಯು ನಾಲ್ಕು ವಸ್ತುಗಳು ಮತ್ತು 12. ಅದೇ ಸುತ್ತಳತೆ ಇನ್ನೊಂದು ಮಾತಿನಲ್ಲಿ ಐದು ವಸ್ತುಗಳು. ಎರಡೂ ಕಡೆ ಇರುವ ನಾಲ್ಕು ವಸ್ತುಗಳನ್ನು ಒಂದಕ್ಕೊಂದು ಎದುರಿಟ್ಟು ತೆಗೆದುಹಾಕಿದರೆ ಒಂದು ಕಡೆ 12, ಇನ್ನೊಂದು ಕಡೆ ಒಂದು ವಸ್ತು ಮಾತ್ರ ಉಳಿಯುತ್ತದೆ. ಅಗಲ 12, ಉದ್ದ 18, ಸುತ್ತಳತೆ 60.

ಈ ಎರಡು ಕ್ರಿಯೆಗಳ ಗುಣವನ್ನು ನಾವು ಮಕ್ಕಳಿಗೆ ಹೇಳಿಕೊಡಬೇಕು. ಒಂದು ಕಡೆಗೆ ಕೊಟ್ಟದ್ದನ್ನು ಇನ್ನೊಂದು ಕಡೆಗೂ ಕೊಡಬೇಕು, ಒಂದು ಕಡೆಯಿಂದ ತೆಗೆದುದನ್ನು ಇನ್ನೊಂದು ಕಡೆಯಿಂದಲೂ ತೆಗೆಯಬೇಕು. ತಕ್ಕಡಿಯ ಮುಳ್ಳು ನಡುವಿನಿಂದ ಕದಲಬಾರದು. ಶಾಲೆಯಲ್ಲಿ 'ಈ ಕಡೆಯಿಂದ ಆ ಕಡೆಗೆ ಹೋದರೆ ಚಿಹ್ನೆ ಬದಲಾಗುತ್ತದೆ' ಎಂದು ಬಾಯಿಪಾಠ ಮಾಡಿಸುವ ನಿಯಮದ ಒಳಗಿರುವ ನಿಜವಾದ ಕಾರಣ ಇದೇ.

ಬೇಲಿ ಒಂದೇ, ಭೂಮಿ ಬೇರೆ

ಸುತ್ತಳತೆಯ ವಿಷಯದಲ್ಲಿ ಮನುಷ್ಯರು ಬಹು ಹಿಂದಿನಿಂದಲೂ ಮೋಸಹೋಗಿದ್ದಾರೆ. ಬೇಲಿ ಉದ್ದವಿದ್ದರೆ ಭೂಮಿಯೂ ಹೆಚ್ಚಿರಬೇಕು ಎಂದು ನಂಬುವುದು ಸುಲಭ. ಐದನೆಯ ಶತಮಾನದ ಗ್ರೀಕ್ ವಿದ್ವಾಂಸ ಪ್ರೋಕ್ಲಸ್ ಯೂಕ್ಲಿಡನ ಗ್ರಂಥಕ್ಕೆ ಬರೆದ ವ್ಯಾಖ್ಯಾನದಲ್ಲಿ ಇದನ್ನು ಪ್ರಸ್ತಾಪಿಸಿದ್ದಾರೆ. ಭೂಮಿಯನ್ನು ಹಂಚಿಕೊಳ್ಳುವಾಗ ಸುತ್ತಳತೆ ಹೆಚ್ಚಾಗಿಯೂ ವಿಸ್ತೀರ್ಣ ಕಡಿಮೆಯಾಗಿಯೂ ಇರುವ ತುಂಡನ್ನು ಜೊತೆಗಾರರಿಗೆ ಕೊಟ್ಟು, ಹೆಚ್ಚು ಭೂಮಿಯನ್ನು ತಾವು ಉಳಿಸಿಕೊಂಡವರಿದ್ದರೆಂದೂ, ಹಾಗೆ ಮಾಡಿಯೂ ಅವರು ಪ್ರಾಮಾಣಿಕರೆಂಬ ಹೆಸರು ಪಡೆದಿದ್ದರೆಂದೂ ಅವರು ಬರೆಯುತ್ತಾರೆ.

ಈ ಮೋಸದ ಒಳಮರ್ಮವನ್ನು ಅಲ್ ಖವಾರಿಝ್ಮಿಯವರ ಒಂದು ಪ್ರಸಿದ್ಧ ಲೆಕ್ಕವು ತೆರೆದು ತೋರಿಸುತ್ತದೆ. ಹತ್ತನ್ನು ಎರಡು ಭಾಗ ಮಾಡು, ಒಂದನ್ನು ಇನ್ನೊಂದರಿಂದ ಗುಣಿಸಿದರೆ 21 ಬರಬೇಕು ಎಂಬ ಬಗೆಯ ಲೆಕ್ಕಗಳು ಅವರ ಗ್ರಂಥದಲ್ಲಿ ಮತ್ತೆ ಮತ್ತೆ ಬರುತ್ತವೆ. ಇದನ್ನು ಭೂಮಿಯ ಮಾತಿಗೆ ತಂದರೆ, ಉದ್ದ ಮತ್ತು ಅಗಲ ಸೇರಿ 10 ಮೊಳ, ಅಂದರೆ ಸುತ್ತಳತೆ 20 ಮೊಳ, ವಿಸ್ತೀರ್ಣ 21 ಚದರ ಮೊಳ. ಅವರು ಹೇಳುವ ಕ್ರಮ ಹೀಗಿದೆ: ಹತ್ತರ ಅರ್ಧ 5, ಅದರ ವರ್ಗ 25. ಅದರಿಂದ 21ನ್ನು ಕಳೆದರೆ 4, ಅದರ ವರ್ಗಮೂಲ 2. ಐದರಿಂದ ಎರಡನ್ನು ಕಳೆದರೆ 3, ಐದಕ್ಕೆ ಎರಡನ್ನು ಕೂಡಿದರೆ 7. ಉದ್ದ 7 ಮೊಳ, ಅಗಲ 3 ಮೊಳ.

ಇಷ್ಟಕ್ಕೇ ಅವರು ನಿಲ್ಲಿಸುವುದಿಲ್ಲ. ಅರ್ಧದ ವರ್ಗಕ್ಕಿಂತ ಕೊಟ್ಟ ಸಂಖ್ಯೆ ಹೆಚ್ಚಾಗಿದ್ದರೆ ಲೆಕ್ಕವು ಅಸಾಧ್ಯವೆಂದೂ, ಎರಡೂ ಸಮವಾಗಿದ್ದರೆ ಉತ್ತರವು ಆ ಅರ್ಧವೇ ಎಂದೂ ಎಚ್ಚರಿಸುತ್ತಾರೆ. ಭೂಮಿಯ ಭಾಷೆಯಲ್ಲಿ ಇದರ ಅರ್ಥವಿಷ್ಟು: 20 ಮೊಳ ಬೇಲಿಯಿಂದ 25 ಚದರ ಮೊಳಕ್ಕಿಂತ ಹೆಚ್ಚಿನ ಆಯತವನ್ನು ಯಾರಿಂದಲೂ ಸುತ್ತುವರಿಯಲಾಗದು. ಆ 25 ದೊರೆಯುವುದೂ ನಾಲ್ಕು ಬದಿಗಳು ಸಮನಾದ ಚೌಕದಲ್ಲಿ ಮಾತ್ರ. ಅದೇ ಬೇಲಿಯನ್ನು 7 ಮತ್ತು 3 ಮೊಳವಾಗಿ ಎಳೆದರೆ 21, 9 ಮತ್ತು 1 ಮೊಳವಾಗಿ ಎಳೆದರೆ ಕೇವಲ 9.

ಸಮಪಾಲು ಪಡೆಯಬೇಕಾದ ಇಬ್ಬರು ವಾರೀಸುದಾರರನ್ನು ಊಹಿಸಿಕೊಳ್ಳೋಣ. ಒಬ್ಬರಿಗೆ 5 ಮೊಳದ ಚೌಕ, ಇನ್ನೊಬ್ಬರಿಗೆ 9 ಮೊಳ ಉದ್ದ 1 ಮೊಳ ಅಗಲದ ಪಟ್ಟಿ ಕೊಟ್ಟು, ನೋಡಿ, ಇಬ್ಬರಿಗೂ ಬೇಲಿ 20 ಮೊಳವೇ ಇದೆ ಎಂದರೆ ಕೇಳುವವರು ತಲೆದೂಗಿಯಾರು. ಆದರೆ ಎರಡನೆಯವರಿಗೆ ದೊರೆತದ್ದು ಮೊದಲನೆಯವರ ಪಾಲಿನ ಮೂರನೆಯ ಒಂದಕ್ಕಿಂತ ತುಸು ಹೆಚ್ಚು, ಅಷ್ಟೇ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಹಗ್ಗವನ್ನೂ ಕತ್ತರಿಸಿಲ್ಲ. ಲೆಕ್ಕ ತಿಳಿಯದಿದ್ದುದರಿಂದಲೇ ಒಬ್ಬರ ಹಕ್ಕು ಇನ್ನೊಬ್ಬರ ಕೈಗೆ ಹೋಯಿತು.

ನಾಲ್ಕು ಬದಿಗಳೂ ಒಂದು ಅಂಗಳವೂ

ಅಲ್ ಖವಾರಿಝ್ಮಿಯವರ ಬಳಿಕ ಈ ವಿದ್ಯೆ ಅಬೂ ಕಾಮಿಲ್, ಅಲ್ ಕರಜಿ, ಉಮರ್ ಖಯ್ಯಾಮ್ ಮುಂತಾದವರ ಕೈಯಲ್ಲಿ ಬೆಳೆಯಿತು. ಭೂಮಿಯ ಅಳತೆಯ ಬಗ್ಗೆ ಅಬೂಬಕರ್ ಎಂಬ ಹೆಸರಿನ ಒಬ್ಬ ಲೇಖಕರು ಬರೆದ ಅರಬಿ ಗ್ರಂಥವೊಂದು ಲ್ಯಾಟಿನ್ ಅನುವಾದದಲ್ಲಿ ಉಳಿದುಬಂದಿದೆ. ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ತುಲೈತುಲ, ಅಂದರೆ ಇಂದಿನ ಟೊಲೆಡೊ ನಗರದಲ್ಲಿ, ಕ್ರೆಮೋನಾದ ಜೆರಾರ್ಡ್ ಅದನ್ನು ಅನುವಾದಿಸಿದರು. ಆ ಗ್ರಂಥದಲ್ಲಿ ಒಂದು ಸುಂದರವಾದ ಸುತ್ತಳತೆಯ ಲೆಕ್ಕವಿದೆ: ಒಂದು ಚೌಕದ ನಾಲ್ಕು ಬದಿಗಳನ್ನೂ ಅದರ ವಿಸ್ತೀರ್ಣವನ್ನೂ ಕೂಡಿದಾಗ 140 ಬಂತು, ಬದಿ ಎಷ್ಟು?

ಬದಿಯನ್ನೂ ವಿಸ್ತೀರ್ಣವನ್ನೂ ಕೂಡುವುದೆಂತು ಎಂದು ನಮಗೆ ಅನಿಸಬಹುದು. ಇದನ್ನು ಒಂದು ಅಂಗಳವಾಗಿ ಕಲ್ಪಿಸಿಕೊಂಡರೆ ಗೊಂದಲ ನಿವಾರಣೆಯಾಗುತ್ತದೆ. ಚೌಕಾಕಾರದ ಅಂಗಳದ ನಾಲ್ಕು ಬದಿಗೂ ಒಂದು ಮೊಳ ಅಗಲದ ಜಗಲಿ ಕಟ್ಟಿದ್ದೇವೆ ಎಂದುಕೊಳ್ಳೋಣ. ಪ್ರತಿ ಜಗಲಿಯ ವಿಸ್ತೀರ್ಣವು ಅಂಗಳದ ಒಂದು ಬದಿಯಷ್ಟೇ. ಅಂಗಳ ಮತ್ತು ನಾಲ್ಕು ಜಗಲಿಗಳು ಸೇರಿ 140. ಈಗ ನಾಲ್ಕು ಮೂಲೆಗಳಲ್ಲಿ ಒಂದೊಂದು ಚದರ ಮೊಳದ ಜಾಗ ಖಾಲಿ ಉಳಿದಿದೆ. ಅವನ್ನೂ ತುಂಬಿದರೆ 144 ಚದರ ಮೊಳದ ಪೂರ್ಣ ಚೌಕವಾಗುತ್ತದೆ. ಅದರ ಬದಿ 12. ಎರಡು ಕಡೆಯ ಜಗಲಿಗಳ ಅಗಲವಾದ 2ನ್ನು ಕಳೆದರೆ ಅಂಗಳದ ಬದಿ 10. ತಾಳೆ ನೋಡಿದರೆ, ವಿಸ್ತೀರ್ಣ 100 ಮತ್ತು ಸುತ್ತಳತೆ 40 ಸೇರಿ 140.

ಅಲ್ ಖವಾರಿಝ್ಮಿಯವರೂ ಒಂದು ಚೌಕ ಮತ್ತು ಅದರ ಹತ್ತು ಮೂಲಗಳು 39ಕ್ಕೆ ಸಮ ಎಂಬ ತಮ್ಮ ಲೆಕ್ಕದ ಸಮರ್ಥನೆಗೆ ಇಂಥದೇ ಚಿತ್ರವನ್ನು ಬರೆದಿದ್ದಾರೆ. ನಾಲ್ಕು ಬದಿಗೆ ಎರಡೂವರೆ ಅಗಲದ ನಾಲ್ಕು ಪಟ್ಟಿಗಳು, ಬಳಿಕ ನಾಲ್ಕು ಮೂಲೆಗಳ ಭರ್ತಿ. ಮೂಲೆಗಳು ಒಟ್ಟು 25, ಪೂರ್ಣ ಚೌಕ 64, ಅದರ ಬದಿ 8, ಪಟ್ಟಿಗಳ ಅಗಲ 5ನ್ನು ಕಳೆದರೆ ಉತ್ತರ 3. ಉತ್ತರವನ್ನು ಹೇಳಿ ನಂಬಿಸದೆ, ಕಣ್ಣಿಗೆ ಕಾಣುವಂತೆ ಕಾರಣವನ್ನು ತೋರಿಸುವ ಈ ರೀತಿ ಇಂದಿನ ತರಗತಿಗೂ ಮಾದರಿಯಾಗಬಲ್ಲದು.

1145ರಲ್ಲಿ ಚೆಸ್ಟರಿನ ರಾಬರ್ಟ್ ಎಂಬವರು ಸ್ಪೇನಿನ ಸೆಗೋವಿಯಾದಲ್ಲಿ ಅಲ್ ಖವಾರಿಝ್ಮಿಯವರ ಗ್ರಂಥವನ್ನು ಲ್ಯಾಟಿನ್‌ಗೆ ತಂದರು. ಯುರೋಪಿನ ಶಾಲೆಗಳಿಗೆ ಈ ವಿದ್ಯೆ ಹಬ್ಬಿದ್ದು ಇಂಥ ಅನುವಾದಗಳ ಮೂಲಕ.

ಕನ್ನಡ ನಾಡಿನಲ್ಲಿ ಅದೇ ಕಾಲದಲ್ಲಿ

ಇತಿಹಾಸವನ್ನು ಹೇಳುವಾಗ ನಾವು ನ್ಯಾಯವಂತರಾಗಿರಬೇಕು. ಎಲ್ಲವೂ ನಮ್ಮಿಂದಲೇ ಆರಂಭವಾಯಿತು ಎಂದು ಹೇಳಿಕೊಳ್ಳುವುದು ಆ ವಿದ್ವಾಂಸರ ಸ್ವಭಾವವಾಗಿರಲಿಲ್ಲ, ಅದು ಸತ್ಯವೂ ಅಲ್ಲ. ಉದ್ದಗಲಗಳ ಮೊತ್ತ ಮತ್ತು ವಿಸ್ತೀರ್ಣವನ್ನು ಕೊಟ್ಟು ಬದಿಗಳನ್ನು ಕೇಳುವ ಲೆಕ್ಕಗಳು ಸುಮಾರು 3,700 ವರ್ಷಗಳ ಹಿಂದಿನ ಬಾಬಿಲೋನಿನ ಮಣ್ಣಿನ ಫಲಕಗಳಲ್ಲಿವೆ. ಭಾರತದಲ್ಲಿ ಬ್ರಹ್ಮಗುಪ್ತರು 628ರಲ್ಲಿಯೇ ಬೀಜಗಣಿತದ ನಿಯಮಗಳನ್ನು ಬರೆದಿದ್ದರು. ಭಾರತೀಯ ಅಂಕಿಗಳ ಲೆಕ್ಕವನ್ನು ಪರಿಚಯಿಸಲೆಂದೇ ಅಲ್ ಖವಾರಿಝ್ಮಿಯವರು ಒಂದು ಪ್ರತ್ಯೇಕ ಗ್ರಂಥವನ್ನು ರಚಿಸಿದ್ದರು. ವಿದ್ಯೆಯನ್ನು ಯಾರಿಂದ ಪಡೆದರೋ ಅವರ ಹೆಸರನ್ನು ಅವರು ಮರೆಮಾಚಲಿಲ್ಲ.

ಅದೇ ಒಂಬತ್ತನೆಯ ಶತಮಾನದಲ್ಲಿ ನಮ್ಮ ಕನ್ನಡ ನಾಡನ್ನು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನು ಆಳುತ್ತಿದ್ದನು. 851ರ ಅರಬಿ ಪ್ರವಾಸ ವೃತ್ತಾಂತವೊಂದು ಜಗತ್ತಿನ ನಾಲ್ವರು ಮಹಾರಾಜರನ್ನು ಹೆಸರಿಸುವಾಗ ಅರಬರ ಖಲೀಫ, ಚೀನಾದ ಅರಸ ಮತ್ತು ರೂಮಿನ ಅರಸರೊಡನೆ 'ಬಲ್‌ಹರಾ' ಎಂಬ ಹೆಸರಿನಲ್ಲಿ ರಾಷ್ಟ್ರಕೂಟರ ಅರಸನನ್ನೂ ಎಣಿಸಿದೆ. ಆ ಅರಸನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ವಿದ್ವಾಂಸ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಕ್ಷೇತ್ರಗಣಿತಕ್ಕೆ ಮೀಸಲಾದ ಅಧ್ಯಾಯದಲ್ಲಿ ಅವರು ವ್ಯವಹಾರಕ್ಕೆ ಸಾಲುವ ಸ್ಥೂಲ ಅಳತೆಯನ್ನೂ ಕರಾರುವಾಕ್ಕಾದ ಸೂಕ್ಷ್ಮ ಅಳತೆಯನ್ನೂ ಬೇರೆಬೇರೆಯಾಗಿ ವಿವರಿಸಿದ್ದಾರೆ. ಸುತ್ತಳತೆಯ ಸಂಖ್ಯೆಯೂ ವಿಸ್ತೀರ್ಣದ ಸಂಖ್ಯೆಯೂ ಒಂದೇ ಆಗಿರುವ ಕ್ಷೇತ್ರಗಳನ್ನು ಕಂಡುಹಿಡಿಯುವ ಲೆಕ್ಕಗಳೂ ಅಲ್ಲಿವೆ.

ಈ ಲೆಕ್ಕವನ್ನು ಮನೆಯ ಮಕ್ಕಳ ಮುಂದಿಡಬಹುದು. ಚೌಕದ ಬದಿಯನ್ನು ವಸ್ತು ಎಂದರೆ ಅದರ ವಿಸ್ತೀರ್ಣ ವಸ್ತುವಿನ ವರ್ಗ, ಸುತ್ತಳತೆ ನಾಲ್ಕು ವಸ್ತುಗಳು. ಎರಡೂ ಸಮವಾದರೆ ಬದಿ 4. ಬಗ್ದಾದಿನ ವಿದ್ವಾಂಸರು ಸಮೀಕರಣಗಳನ್ನು ಆರು ಬಗೆಯಾಗಿ ವಿಂಗಡಿಸಿದಾಗ ಮೊದಲನೆಯದಾಗಿ ಇಟ್ಟದ್ದು ಇದೇ ಬಗೆಯನ್ನು. ಆಯತದಲ್ಲಿ ಬೇಕೆಂದರೆ 6 ಮತ್ತು 3ನ್ನು ತೆಗೆದುಕೊಳ್ಳಬಹುದು, ಸುತ್ತಳತೆಯೂ 18, ವಿಸ್ತೀರ್ಣವೂ 18. ಮುಂದೆ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮುಂತಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದನು. ಹೀಗೆ ಕನ್ನಡ ಮಾತಾಡುವ ಮುಸ್ಲಿಮ್ ಕುಟುಂಬದ ಮಗುವಿಗೆ ಈ ವಿದ್ಯೆ ಎರಡು ಕಡೆಯಿಂದಲೂ ಬಂದ ಆಸ್ತಿ.

ಅಳತೆಯು ಒಂದು ಅಮಾನತು

ಪವಿತ್ರ ಕುರ್‌ಆನಿನ ಸೂರಃ ಅನ್ನಿಸಾದ 11 ಮತ್ತು 12ನೆಯ ವಚನಗಳು ವಾರೀಸುದಾರರ ಪಾಲುಗಳನ್ನು ಅರ್ಧ, ಕಾಲು, ಎಂಟನೆಯ ಒಂದು, ಮೂರನೆಯ ಎರಡು, ಮೂರನೆಯ ಒಂದು, ಆರನೆಯ ಒಂದು ಎಂದು ಭಿನ್ನರಾಶಿಗಳಲ್ಲಿ ನಿಗದಿಗೊಳಿಸಿವೆ. ಇವುಗಳೊಡನೆ ವಸಿಯ್ಯತ್ ಸೇರಿದಾಗ ಬರಿಯ ಕೂಡಿ ಕಳೆಯುವ ಲೆಕ್ಕ ಸಾಲುವುದಿಲ್ಲ. ನಾಲ್ವರು ಗಂಡುಮಕ್ಕಳನ್ನು ಬಿಟ್ಟುಹೋದ ಒಬ್ಬ ತಂದೆ, ಒಬ್ಬ ಮಗನಿಗೆ ಸಿಗುವಷ್ಟೇ ಭಾಗವನ್ನು ವಾರೀಸುದಾರನಲ್ಲದ ಇನ್ನೊಬ್ಬನಿಗೆ ಕೊಡಬೇಕೆಂದು ವಸಿಯ್ಯತ್ ಮಾಡಿದ್ದರೆ ಆ ಭಾಗವೆಷ್ಟು? ಮಗನ ಪಾಲು ತಿಳಿಯದೆ ವಸಿಯ್ಯತ್ತಿನ ಭಾಗ ತಿಳಿಯದು, ವಸಿಯ್ಯತ್ತನ್ನು ಕಳೆಯದೆ ಮಗನ ಪಾಲು ತಿಳಿಯದು. ಮಗನ ಪಾಲನ್ನು 'ವಸ್ತು' ಎಂದ ಕೂಡಲೇ ಗಂಟು ಬಿಚ್ಚುತ್ತದೆ: ಆಸ್ತಿಯು ಐದು ವಸ್ತುಗಳು, ಪ್ರತಿಯೊಬ್ಬರಿಗೂ ಐದನೆಯ ಒಂದು. ತೋಟದ ಅಗಲ ತಿಳಿಯದೆ ಉದ್ದ ತಿಳಿಯದ ಲೆಕ್ಕಕ್ಕೂ ಇದಕ್ಕೂ ರಚನೆ ಒಂದೇ. ಶಾಲೆಯ ಲೆಕ್ಕದಲ್ಲಿ ಕಲಿತ ಕೌಶಲವು ಇಲ್ಲಿ ಒಂದು ಕುಟುಂಬದ ಹಕ್ಕನ್ನು ಕಾಯುತ್ತದೆ.

ಪಡೆಯುವಾಗ ಪೂರ್ಣವಾಗಿ ಅಳೆಸಿಕೊಂಡು ಕೊಡುವಾಗ ಕಡಿತ ಮಾಡುವವರನ್ನು ಸೂರಃ ಅಲ್ ಮುತಫ್ಫಿಫೀನ್ ಕಠಿಣವಾಗಿ ಎಚ್ಚರಿಸಿದೆ. ಅನ್ಯಾಯವಾಗಿ ಒಂದು ಗೇಣು ಭೂಮಿಯನ್ನು ಕಬಳಿಸಿದವನ ಕೊರಳಿಗೆ ಪರಲೋಕದಲ್ಲಿ ಏಳು ಭೂಮಿಗಳ ಭಾರ ಬೀಳುವುದೆಂಬ ಪ್ರವಾದಿ(ಸ)ರವರ ಎಚ್ಚರಿಕೆ ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿದೆ. ಇವನ್ನು ನಾವು ಬೇಕೆಂದೇ ಮಾಡುವ ಮೋಸಕ್ಕೆ ಮಾತ್ರ ಅನ್ವಯಿಸಿಕೊಂಡು ನೆಮ್ಮದಿಯಿಂದಿರುತ್ತೇವೆ. ಆದರೆ ಅಳೆಯಲು ತಿಳಿಯದವನು ಬೇಕೆಂದೇ ಅಲ್ಲದಿದ್ದರೂ ಕಡಿತ ಮಾಡುತ್ತಾನೆ. ತನಗಾದ ಕಡಿತವನ್ನು ಗುರುತಿಸಲಾರದವರು ಅದನ್ನೇ ನ್ಯಾಯವೆಂದು ಒಪ್ಪಿಕೊಂಡು ಸುಮ್ಮನಾಗುತ್ತಾರೆ. ನಮ್ಮ ಮನೆಗಳಲ್ಲಿ ಆಸ್ತಿ ಭಾಗವಾಗುವಾಗ ಹಾಗೆ ಸುಮ್ಮನಾಗುವವರು ಬಹುತೇಕ ನಮ್ಮ ಸಹೋದರಿಯರು ಎಂಬುದನ್ನು ಯಾರೂ ಹೊಸತಾಗಿ ಹೇಳಬೇಕಾಗಿಲ್ಲ. ಅವರಿಗೆ ಕೊಟ್ಟ ತುಂಡಿನ ನಾಲ್ಕು ಬದಿಯ ಅಳತೆಯನ್ನು ಓದಿ ಹೇಳಿದರೆ ಸಾಲದು, ಅದರೊಳಗಿನ ವಿಸ್ತೀರ್ಣವನ್ನು ಅವರೇ ಲೆಕ್ಕ ಹಾಕಿ ನೋಡುವಂತಾಗಬೇಕು.

ಆದ್ದರಿಂದ ಮಗು ಮುಂದಿನ ಸಲ ಸುತ್ತಳತೆಯ ಲೆಕ್ಕವನ್ನು ತಂದು ಇದರಿಂದೇನು ಪ್ರಯೋಜನ ಎಂದು ಕೇಳಿದಾಗ ನಾವು ಪರೀಕ್ಷೆಯ ಮಾತನ್ನೆತ್ತದಿರೋಣ. 20 ಮೊಳದ ಒಂದು ಹಗ್ಗವನ್ನು ಅದರ ಕೈಗೆ ಕೊಟ್ಟು ಅಂಗಳದಲ್ಲಿ ಮೊದಲು ಚೌಕವನ್ನು, ಬಳಿಕ ಉದ್ದನೆಯ ಪಟ್ಟಿಯನ್ನು ಹಾಕಿಸೋಣ. ಒಳಗಿನ ಜಾಗವನ್ನು ಅದು ತಾನೇ ಎಣಿಸಲಿ. ಗಂಡುಮಗುವಿಗೆ ಕಲಿಸಿದಷ್ಟೇ ಶ್ರದ್ಧೆಯಿಂದ ಹೆಣ್ಣುಮಗುವಿಗೂ ಇದನ್ನು ಕಲಿಸೋಣ. ಹಕ್ಕುದಾರರ ಹಕ್ಕು ಅವರಿಗೆ ಮುಟ್ಟಬೇಕಾದರೆ ಕೊಡುವವರ ಮನಸ್ಸು ಶುದ್ಧವಿದ್ದರಷ್ಟೇ ಸಾಲದು, ಲೆಕ್ಕವೂ ಸರಿಯಿರಬೇಕು. ಅಲ್ಲಾಹನು ನಮ್ಮ ಅಳತೆಗಳನ್ನೂ ನಮ್ಮ ಉದ್ದೇಶಗಳನ್ನೂ ಸರಿಪಡಿಸಲಿ.